ಆರು ವರ್ಷ ಚೌಕಿಯಲ್ಲೇ ಕುಳಿತ ರಕ್ತಪಿಶಾಚಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಒಂದು ಕಾಲಕ್ಕೆ ಒಂದೇ ಅರ್ಥ. ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ರಂಗಸ್ಥಳ ಎದ್ದಿದೆ, ಮೇಳ ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ಚೆಂಡೆಯ ಸದ್ದು ಕೇಳಲಿದೆ ಎಂದು. ಯಕ್ಷಗಾನ ಬಯಲಾಟಕ್ಕೆ ಇಲ್ಲಿನ ಜನ ಇಟ್ಟ ಹೆಸರೇ ‘ಆಟ’. ಈಗ ಅದೇ ಮಾತನ್ನು ಕಾಲೇಜಿಗೆ ಹೋಗುವ ಮಗ ಹೇಳಿದರೆ ಅಮ್ಮ ಒಮ್ಮೆ ತಿರುಗಿ ಕೇಳಬೇಕಾಗುತ್ತದೆ: ‘ಯಾವ ಆಟ ಮಾರಾಯ, ಮೇಳದ್ದೋ ಕಂಪ್ಯೂಟರಿನದ್ದೋ?’

ಎರಡಕ್ಕೂ ಹೆಸರು ಒಂದೇ ಆದದ್ದು ಆಕಸ್ಮಿಕವಿರಬಹುದು. ಆದರೆ ವಿಡಿಯೋ ಗೇಮುಗಳಲ್ಲಿ ಒಂದು ಬಗೆಯಿದೆ, ಅದಕ್ಕೂ ನಮ್ಮ ಆಟಕ್ಕೂ ಹತ್ತಿರದ ನಂಟು. ಅದರ ಹೆಸರು ‘ರೋಲ್ ಪ್ಲೇಯಿಂಗ್ ಗೇಮ್’. ಅಂದರೆ ಪಾತ್ರ ವಹಿಸುವ ಆಟ. ಓಡುವುದು, ಗುಂಡು ಹಾರಿಸುವುದು ಇಲ್ಲಿ ಎರಡನೆಯದು. ಒಂದು ವೇಷ ಕಟ್ಟಿ, ಆ ವೇಷದೊಳಗೆ ನಿಂತು ಮಾತಾಡುವುದು, ತೀರ್ಮಾನ ಮಾಡುವುದು ಮೊದಲನೆಯದು. 2019ರಿಂದ 2025ರವರೆಗೆ ಜಗತ್ತಿನ ಹುಡುಗರು ಇಂಥದೊಂದು ಆಟಕ್ಕಾಗಿ ಕಾದರು, ಜಗಳಾಡಿದರು, ಮುನಿಸಿಕೊಂಡರು. ಆಟದ ಹೆಸರು ‘ವ್ಯಾಂಪೈರ್: ದಿ ಮಾಸ್ಕ್ವೆರೇಡ್ - ಬ್ಲಡ್‌ಲೈನ್ಸ್ 2’. ಕಥಾನಾಯಕ ರಕ್ತ ಕುಡಿಯುವ ಪಿಶಾಚಿ! ಹೆಸರು ಕೇಳಿಯೇ ಹುಬ್ಬು ಗಂಟಿಕ್ಕುವ ಪಾಲಕರು ಸ್ವಲ್ಪ ತಾಳಬೇಕು. ಈ ಆಟದ ಕಥೆಯಲ್ಲಿ ಮಕ್ಕಳಿಗೂ ಹಿರಿಯರಿಗೂ ತಿಳಿದಿರಬೇಕಾದ ಸಂಗತಿಗಳಿವೆ.

ನೆತ್ತರು ಕುಡಿಯುವವರು ನಮಗೆ ಹೊಸಬರೇ?

ರಕ್ತಪಿಶಾಚಿ ಎಂದೊಡನೆ ಎಲ್ಲರ ನೆನಪಿಗೂ ಬರುವುದು ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’. ಆದರೆ ಅದಕ್ಕೂ 27 ವರ್ಷ ಮೊದಲು, 1870ರಲ್ಲಿ, ರಿಚರ್ಡ್ ಬರ್ಟನ್ ಎಂಬ ಇಂಗ್ಲಿಷ್ ಪ್ರವಾಸಿ ನಮ್ಮ ವಿಕ್ರಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದಿದ್ದ. ಚಂದಮಾಮ ಓದಿ ಬೆಳೆದ ಅಪ್ಪ ಅಮ್ಮಂದಿರಿಗೆ ಈ ಬೇತಾಳ ಹಳೆಯ ಪರಿಚಯದವನೇ. ಹೆಗಲೇರಿ ಕುಳಿತು ಕಥೆ ಹೇಳಿ, ಕೊನೆಗೆ ಉತ್ತರಿಸಲಾಗದ ಪ್ರಶ್ನೆ ಕೇಳುತ್ತಿದ್ದವನು.

ಇನ್ನು ಬಯಲಾಟದ ರಂಗಸ್ಥಳಕ್ಕೆ ಬಂದರೆ ಹೇಳುವುದೇ ಬೇಡ. ಕಟೀಲಿನ ಮೇಳಗಳು ಹರಕೆಯಾಗಿ ಆಡುವ ಪ್ರಸಂಗಗಳಲ್ಲಿ ‘ಶ್ರೀದೇವಿ ಮಹಾತ್ಮೆ’ಗೆ ಮೊದಲ ಸ್ಥಾನ. ಅದರಲ್ಲಿ ರಕ್ತಬೀಜ ಬರುತ್ತಾನೆ. ಅವನ ಒಂದು ಹನಿ ನೆತ್ತರು ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಆ ನೆತ್ತರು ನೆಲಕ್ಕೆ ಬೀಳದಂತೆ ಕಾಳಿ ಕುಡಿಯಬೇಕಾಗುತ್ತದೆ. ಮಹಾಭಾರತದ ಪ್ರಸಂಗದಲ್ಲಿ ರುದ್ರಭೀಮ ದುಶ್ಶಾಸನನ ಎದೆ ಬಗೆದು ನೆತ್ತರು ಕುಡಿಯುತ್ತಾನೆ. ಚಾಪೆ ಹಾಸಿಕೊಂಡು ನಿದ್ದೆಗೆ ಜಾರಿದ ಮಕ್ಕಳನ್ನು ತಾಯಂದಿರೇ ತಟ್ಟಿ ಎಬ್ಬಿಸುತ್ತಾರೆ - ‘ಏಳು, ಮಹಿಷಾಸುರ ಬಂದ!’ ದೊಂದಿಯ ಬೆಳಕು, ರಾಳದ ಬೆಂಕಿ, ಚೆಂಡೆಯ ಅಬ್ಬರ. ಎರಡು ಕೋಡಿನ ಆ ಬಣ್ಣದ ವೇಷ ಪ್ರೇಕ್ಷಕರ ನಡುವಿನಿಂದಲೇ ನುಗ್ಗಿ ಬರುವಾಗ ಅಮ್ಮನ ಸೆರಗು ಹಿಡಿದು ಅತ್ತ ಮಗು, ಮರುದಿನ ಅಂಗಳದಲ್ಲಿ ಹಾಳೆಯ ಕಿರೀಟ ಕಟ್ಟಿಕೊಂಡು ತಾನೇ ಮಹಿಷಾಸುರ ಆಗುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ತುಳುನಾಡಿನ ಭೂತಗಳನ್ನು ಈ ಪಿಶಾಚಿಗಳ ಸಾಲಿಗೆ ಸೇರಿಸಬಾರದು. ಇಲ್ಲಿ ಭೂತವೆಂದರೆ ದೈವ. ನ್ಯಾಯ ಹೇಳುವ, ಊರು ಕಾಯುವ, ನೇಮ ಕೊಟ್ಟು ನಂಬುವ ಶಕ್ತಿ. ಡ್ರಾಕುಲಾನ ಸಂತತಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಮೇಜಿನ ಸುತ್ತ ತಾಳಮದ್ದಳೆ

ಕಂಪ್ಯೂಟರಿಗೆ ಬರುವ ಮೊದಲು ‘ವ್ಯಾಂಪೈರ್: ದಿ ಮಾಸ್ಕ್ವೆರೇಡ್’ ಮೇಜಿನ ಸುತ್ತ ಕುಳಿತು ಆಡುವ ಆಟವಾಗಿತ್ತು. ಅಮೆರಿಕದ ಮಾರ್ಕ್ ರೈನ್-ಹೇಗನ್ ಅದನ್ನು ರೂಪಿಸಿದರು. ವೈಟ್ ವುಲ್ಫ್ ಎಂಬ ಪ್ರಕಾಶನ 1991ರಲ್ಲಿ ಪುಸ್ತಕವಾಗಿ ಹೊರತಂದಿತು. ನಾಲ್ಕೈದು ಜನ ಕೂಡುತ್ತಾರೆ. ಒಬ್ಬ ಕಥೆ ನಡೆಸುವವನು. ಉಳಿದವರು ಒಂದೊಂದು ಪಾತ್ರ. ಪಾತ್ರದ ಗುಣ, ಬಲ, ದೌರ್ಬಲ್ಯ ಎಲ್ಲವೂ ಒಂದು ಕಾಗದದಲ್ಲಿ ಬರೆದಿರುತ್ತದೆ. ಹತ್ತು ಮುಖದ ದಾಳ ಉರುಳಿಸಿ ಪ್ರಯತ್ನ ಫಲಿಸಿತೋ ಇಲ್ಲವೋ ನೋಡುತ್ತಾರೆ. ಆದರೆ ಬರೆದಿಟ್ಟ ಸಂಭಾಷಣೆ ಇಲ್ಲ. ಮಾತು ಅಲ್ಲಲ್ಲೇ ಹುಟ್ಟಬೇಕು.

ಇದನ್ನು ಅಮೆರಿಕದವರಿಗೆ ವಿವರಿಸಲು ಪುಟಗಟ್ಟಲೆ ಬರೆಯಬೇಕಾಯಿತು. ನಮ್ಮ ಕಡೆಯವರಿಗೆ ಒಂದೇ ಪದ ಸಾಕು: ತಾಳಮದ್ದಳೆ. ಅಲ್ಲಿಯೂ ವೇಷಭೂಷಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಕಥೆ ನಡೆಸುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೆ ಸಾಯುವ ಮೊದಲು ರಾಮನನ್ನು ಏನು ಕೇಳುತ್ತಾನೆ ಎಂಬುದು ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧರನ್ನು ಕೇಳಲು ಜನ ದೂರದೂರದಿಂದ ಬರುತ್ತಿದ್ದುದು ಇದಕ್ಕಾಗಿಯೇ. ಖಳನ ಬಾಯಲ್ಲೂ ಒಂದು ನ್ಯಾಯ ಇರಬಹುದಲ್ಲವೇ ಎಂದು ಕೇಳುಗ ಯೋಚಿಸುತ್ತ ಮನೆಗೆ ಹೋಗುತ್ತಿದ್ದ. ಹಾಗೆಂದು ಶೇಣಿಯವರ ರಾವಣನನ್ನು ಕೇಳಿ ಯಾರೂ ಸೀತೆಯನ್ನು ಕದಿಯಲು ಹೊರಡಲಿಲ್ಲ.

ಆಟದ ಹೆಸರಿನಲ್ಲಿರುವ ‘ಮಾಸ್ಕ್ವೆರೇಡ್’ ಎಂದರೂ ವೇಷವೇ. ಕಥೆಯ ಪ್ರಕಾರ ರಕ್ತಪಿಶಾಚಿಗಳು ಇಂದಿನ ನಗರಗಳಲ್ಲಿ ಮನುಷ್ಯರ ವೇಷ ಹಾಕಿಕೊಂಡು ಬದುಕುತ್ತಿವೆ. ಗುಟ್ಟು ರಟ್ಟಾಗಬಾರದು. ರಟ್ಟು ಮಾಡಿದವನಿಗೆ ತನ್ನವರಿಂದಲೇ ಶಿಕ್ಷೆ. ತುಳುನಾಡಿನಲ್ಲಿ ‘ಬರಿ’ಗಳಿದ್ದಂತೆ ಅವುಗಳಲ್ಲೂ ಕುಲಗಳಿವೆ. ಒಂದೊಂದು ಕುಲಕ್ಕೆ ಒಂದೊಂದು ಸ್ವಭಾವ, ಒಂದೊಂದು ಶಾಪ.

ಅರೆಬೆಂದರೂ ರುಚಿ ಬಿಡದ ಆಟ

ಈ ಮೇಜಿನ ಆಟವನ್ನು ಆಧರಿಸಿ 2004ರ ನವೆಂಬರ್ 16ರಂದು ‘ಬ್ಲಡ್‌ಲೈನ್ಸ್’ ಎಂಬ ಕಂಪ್ಯೂಟರ್ ಆಟ ಹೊರಬಂತು. ತಯಾರಿಸಿದ್ದು ಟ್ರೊಯ್ಕಾ ಎಂಬ ಪುಟ್ಟ ಅಮೆರಿಕನ್ ಸಂಸ್ಥೆ. ಲಾಸ್ ಏಂಜಲೀಸ್ ನಗರದ ಇರುಳೇ ರಂಗಸ್ಥಳ. ಆಡುವವನು ಏಳು ಕುಲಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ನೊಸ್ಫೆರಾಟು ಕುಲದವನಾದರೆ ಮುಖ ವಿಕಾರ. ಬೀದಿಯಲ್ಲಿ ನಡೆದರೆ ಜನ ಬೆಚ್ಚಿಬೀಳುತ್ತಾರೆ, ಆದ್ದರಿಂದ ಚರಂಡಿಯ ದಾರಿಯೇ ಗತಿ. ಮಾಲ್ಕೇವಿಯನ್ ಕುಲದವನಾದರೆ ಬುದ್ಧಿಭ್ರಮೆ. ಅವನಾಡುವ ಪ್ರತಿ ಮಾತೂ ಒಗಟು. ಈ ಒಬ್ಬನಿಗಾಗಿ ಇಡೀ ಆಟದ ಸಂಭಾಷಣೆಯನ್ನು ಬೇರೆಯಾಗಿ ಬರೆದಿದ್ದರು! ಜನರ ಎದುರು ಪಿಶಾಚಿಯ ಶಕ್ತಿ ತೋರಿಸಿದರೆ ಗುಟ್ಟು ರಟ್ಟಾದ ಲೆಕ್ಕ. ಅಂಥ ಐದು ತಪ್ಪಾದರೆ ಆಟ ಮುಗಿಯಿತು. ಅಮಾಯಕರನ್ನು ಕೊಂದರೆ ‘ಮನುಷ್ಯತ್ವ’ದ ಅಂಕ ಇಳಿಯುತ್ತದೆ.

ಆದರೆ ಆಟ ಅರೆಬೆಂದೇ ಅಂಗಡಿಗೆ ಬಂದಿತ್ತು. ತುಂಬ ದೋಷಗಳು. ಅದು ಸಾಲದೆಂಬಂತೆ ‘ಹಾಫ್-ಲೈಫ್ 2’ ಎಂಬ ಬಹುನಿರೀಕ್ಷೆಯ ಆಟ ಬಿಡುಗಡೆಯಾದದ್ದೂ ಅದೇ ದಿನ. 2005ರ ಫೆಬ್ರವರಿಯಲ್ಲಿ ಟ್ರೊಯ್ಕಾ ಬಾಗಿಲು ಹಾಕಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವೆರ್ನರ್ ಸ್ಪಾಲ್ ಎಂಬ ಜರ್ಮನಿಯ ರಸಾಯನ ವಿಜ್ಞಾನಿ ಈ ಆಟವನ್ನು ಮೆಚ್ಚಿ, ಕಾಸಿನ ಆಸೆಯಿಲ್ಲದೆ ಅದರ ದೋಷಗಳನ್ನು ಒಂದೊಂದಾಗಿ ತಿದ್ದತೊಡಗಿದರು. ತಯಾರಿಸಿದವರು ಕೈಬಿಟ್ಟ ಆಟವನ್ನು ಆಡುವವರೇ ವರ್ಷಗಟ್ಟಲೆ ಸಾಕಿದರು. ಬಾಯಿಂದ ಬಾಯಿಗೆ ಹೆಸರು ಹಬ್ಬಿ, ಸೋತ ಆಟಕ್ಕೆ ಗೆದ್ದ ಆಟದ ಮರ್ಯಾದೆ ಬಂತು. ಎರಡನೇ ಭಾಗಕ್ಕೆ ಅಷ್ಟೊಂದು ಜನ ಕಾದದ್ದು ಈ ಪ್ರೀತಿಯಿಂದ.

ಕೂಸು ಹುಟ್ಟುವ ಮುಂಚೆ ಕುಲಾವಿ

ವೈಟ್ ವುಲ್ಫ್ ಅನ್ನು 2015ರಲ್ಲಿ ಕೊಂಡ ಸ್ವೀಡನ್ನಿನ ಪ್ಯಾರಾಡಾಕ್ಸ್ ಸಂಸ್ಥೆ 2019ರ ಮಾರ್ಚ್‌ನಲ್ಲಿ ಎರಡನೇ ಭಾಗವನ್ನು ಘೋಷಿಸಿತು. ಈ ಬಾರಿ ಸಿಯಾಟಲ್ ನಗರದ ಕಥೆ. ತಯಾರಿಕೆ ಅಲ್ಲಿಯದೇ ಹಾರ್ಡ್‌ಸೂಟ್ ಲ್ಯಾಬ್ಸ್‌ನದು. ಮೊದಲ ಆಟ ಬರೆದ ಬ್ರಯನ್ ಮಿಟ್ಸೋಡಾ ಅವರೇ ಇದನ್ನೂ ಬರೆಯುತ್ತಾರೆಂದಾಗ ಅಭಿಮಾನಿಗಳಿಗೆ ಹಬ್ಬ. 2020ರ ಮಾರ್ಚ್‌ಗೆ ಆಟ ಸಿದ್ಧ ಎಂದರು. ಘೋಷಣೆಯ ಜೊತೆಗೇ ಮುಂಗಡ ಹಣ ಪಡೆಯುವುದೂ ಶುರುವಾಯಿತು.

ಮಾರ್ಚ್ ಬಂತು, ಆಟ ಬರಲಿಲ್ಲ. ವರ್ಷದ ಕೊನೆಗೆ ಎಂದರು. ಆಮೇಲೆ 2021 ಎಂದರು. 2020ರ ಆಗಸ್ಟಿನಲ್ಲಿ ಮಿಟ್ಸೋಡಾ ಅವರನ್ನೇ ತೆಗೆದುಹಾಕಿದರು. 2021ರ ಫೆಬ್ರವರಿಯಲ್ಲಿ ಹಾರ್ಡ್‌ಸೂಟ್ ಸಂಸ್ಥೆಯ ಕೈಯಿಂದಲೂ ಕೆಲಸ ಕಿತ್ತುಕೊಂಡು, ಮುಂಗಡ ಪಡೆಯುವುದನ್ನು ನಿಲ್ಲಿಸಿದರು. ಎರಡೂವರೆ ವರ್ಷ ಸದ್ದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ‘ದಿ ಚೈನೀಸ್ ರೂಮ್’ ಎಂಬ ಸಂಸ್ಥೆ ಆಟ ತಯಾರಿಸುತ್ತಿದೆಯೆಂಬ ಸುದ್ದಿ ಬಂತು. 2024 ಎಂದದ್ದು 2025ಕ್ಕೆ ಹೋಯಿತು. ಚೌಕಿಯಲ್ಲಿ ಬಣ್ಣ ಹಚ್ಚಲು ಕುಳಿತ ವೇಷಧಾರಿಯನ್ನೇ ಬದಲಿಸಿ, ಇನ್ನೊಬ್ಬನಿಗೆ ಹೊಸದಾಗಿ ಬಣ್ಣ ಹಚ್ಚಿದಂತಾಯಿತು. ಹೊರಗೆ ಪ್ರೇಕ್ಷಕರು ಚುರುಮುರಿ ಮುಗಿಸಿ, ನೆಲಗಡಲೆ ಮುಗಿಸಿ, ಆಕಳಿಸುತ್ತ ಕುಳಿತಿದ್ದರು.

ಕಾಯುವುದು ನಮ್ಮವರಿಗೂ ಹೊಸತಲ್ಲ. ಕಟೀಲು ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಮನೆಗಳಿವೆ. ಆದರೆ ಅಲ್ಲಿ ಮೇಳ ಯಾವುದು, ಪ್ರಸಂಗ ಯಾವುದು ಎಂಬುದು ಕಣ್ಣಿಗೆ ಕಂಡ ಸಂಗತಿ. ಇನ್ನೂ ತಯಾರಾಗದ ಆಟಕ್ಕೆ ಹಣ ಕಟ್ಟುವುದು ಮಾತ್ರ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ವೇಷ ಆರಿಸುವುದು ಯಾರು?

ಬಿಡುಗಡೆ ಹತ್ತಿರವಾದಂತೆ ಚರ್ಚೆ ಕಾವೇರಿತು. ಮೊದಲ ಆಟದಲ್ಲಿ ಆಡುವವನು ತನ್ನ ಪಾತ್ರವನ್ನು ತಾನೇ ಕಟ್ಟುತ್ತಿದ್ದ. ಹೊಸ ಆಟದಲ್ಲಿ ಪಾತ್ರ ಮೊದಲೇ ನಿಶ್ಚಯ. ಫೈರ್ ಎಂಬ ಹೆಸರಿನ, ನೂರಾರು ವರ್ಷ ಹಳೆಯ ಹಿರಿಯ ಪಿಶಾಚಿ. ಗಂಡೋ ಹೆಣ್ಣೋ, ಯಾವ ಕುಲ ಎಂಬುದನ್ನು ಆರಿಸಬಹುದು, ಹೆಸರೂ ಹಿನ್ನೆಲೆಯೂ ಅವರು ಕೊಟ್ಟದ್ದೇ. ‘ಗಟ್ಟಿ ಕಥೆ ಹೇಳಬೇಕಾದರೆ ಗಟ್ಟಿ ಪಾತ್ರ ಬೇಕು’ ಎಂದು ಕೆಲವರು. ‘ಹಾಗಾದರೆ ಇದು ಪಾತ್ರ ವಹಿಸುವ ಆಟ ಹೇಗಾದೀತು, ಸಿನಿಮಾ ನೋಡಿದಂತಾಯಿತಲ್ಲ’ ಎಂದು ಇನ್ನು ಕೆಲವರು.

2025ರ ಆಗಸ್ಟಿನಲ್ಲಿ ಇನ್ನೊಂದು ಕಿಡಿ ಹಾರಿತು. ಆರು ಕುಲಗಳಲ್ಲಿ ನಾಲ್ಕು ಮಾತ್ರ ಮೂಲ ಆಟದಲ್ಲಿ, ಲಸೋಂಬ್ರಾ ಮತ್ತು ಟೊರಿಯಡೋರ್ ಬೇಕಾದರೆ ಹೆಚ್ಚಿನ ಹಣ ಕೊಡಬೇಕು ಎಂದು ಪ್ಯಾರಾಡಾಕ್ಸ್ ಪ್ರಕಟಿಸಿತು. ಮೂಲ ಆವೃತ್ತಿಗೆ ಸುಮಾರು 60 ಡಾಲರ್, ಎಲ್ಲ ಸೇರಿದ ದುಬಾರಿ ಆವೃತ್ತಿಗೆ ಸುಮಾರು 90 ಡಾಲರ್. ಟೊರಿಯಡೋರ್ ಮೊದಲ ಆಟದಲ್ಲೇ ಇದ್ದ ಕುಲ! ಆಟಕ್ಕೆ ಟಿಕೆಟ್ ತೆಗೆದು ಒಳಗೆ ಹೋದ ಮೇಲೆ ‘ರಕ್ತಬೀಜನನ್ನು ನೋಡಬೇಕಾದರೆ ಬೇರೆ ಟಿಕೆಟ್’ ಎಂದರೆ ಹೇಗಾದೀತು? ಅಭಿಮಾನಿಗಳ ಸಿಟ್ಟಿಗೆ ಸಂಸ್ಥೆ ಮಣಿಯಿತು. ಸೆಪ್ಟೆಂಬರಿನಲ್ಲಿ ಆ ಎರಡು ಕುಲಗಳೂ ಮೂಲ ಆಟದಲ್ಲೇ ಇರುತ್ತವೆಂದು ಘೋಷಿಸಿತು. ಒಟ್ಟಾಗಿ, ಕಾರಣ ಕೊಟ್ಟು ಪ್ರಶ್ನಿಸಿದರೆ ದೊಡ್ಡ ಸಂಸ್ಥೆಯೂ ಕಿವಿಗೊಡಬೇಕಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಅಂತೂ 2025ರ ಅಕ್ಟೋಬರ್ 21ರಂದು, ನಮ್ಮಲ್ಲಿ ದೀಪಾವಳಿಯ ಸಡಗರದ ನಡುವೆ, ಬಲಿಪಾಡ್ಯಮಿಯ ಮುನ್ನಾದಿನ, ಆಟ ಹೊರಬಂತು. ಫಲಿತಾಂಶ? ಕಥೆ, ಧ್ವನಿ, ಹಿಮ ಬೀಳುವ ಸಿಯಾಟಲ್‌ನ ಇರುಳು ಚೆನ್ನಾಗಿವೆ ಎಂದರು. ಆದರೆ ಪಾತ್ರ ವಹಿಸುವ ಸ್ವಾತಂತ್ರ್ಯ ಮೊದಲ ಆಟದಷ್ಟಿಲ್ಲ ಎಂಬ ದೂರೇ ಹೆಚ್ಚು ಕೇಳಿಬಂತು. ಇದಕ್ಕೆ ಎರಡನೇ ಭಾಗವೆಂಬ ಹೆಸರು ಬೇಡವೆಂದು ಹೇಳಿ ನೋಡಿದ್ದೆವು ಎಂದು ಚೈನೀಸ್ ರೂಮ್‌ನ ಸ್ಥಾಪಕ ಡ್ಯಾನ್ ಪಿಂಚ್‌ಬೆಕ್ ಆಮೇಲೆ ತಿಳಿಸಿದರು. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ನವೆಂಬರಿನಲ್ಲಿ ಪ್ಯಾರಾಡಾಕ್ಸ್ 35 ಕೋಟಿ 50 ಲಕ್ಷ ಸ್ವೀಡಿಷ್ ಕ್ರೋನಾಗಳಷ್ಟು ಮೊತ್ತವನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಕಾಯಿತು.

ಜಗಲಿಯ ಮೇಲಿನ ವಾದ

ಇನ್ನು ನಮ್ಮ ಮನೆಯ ಜಗಲಿಗೆ ಬರೋಣ. ಪಿಯುಸಿ ಓದುವ ಹುಡುಗನೊಬ್ಬ ‘ಅಪ್ಪಾ, ಈ ಆಟ ಬೇಕು’ ಎಂದರೆ ಏನು ಹೇಳಬೇಕು?

‘ಆಯಿತು’ ಎಂದು ಥಟ್ಟನೆ ಹೇಳಬಾರದು. ಏಕೆಂದರೆ ಈ ಆಟ ಮಕ್ಕಳಿಗಾಗಿ ಮಾಡಿದ್ದಲ್ಲ. ಯೂರೋಪಿನ ‘ಪೆಗಿ’ ಪದ್ಧತಿ ಇದಕ್ಕೆ ಕೊಟ್ಟಿರುವುದು 18 ವರ್ಷ ಮೇಲ್ಪಟ್ಟವರೆಂಬ ಮುದ್ರೆ. ಅಮೆರಿಕದ ‘ಇಎಸ್‌ಆರ್‌ಬಿ’ ಪ್ರಕಾರ 17 ವರ್ಷ ಮೇಲ್ಪಟ್ಟವರಿಗೆ. ನೆತ್ತರು, ಹಿಂಸೆ, ವಯಸ್ಕರ ವಿಷಯ ಧಾರಾಳವಾಗಿವೆ. ಸಿನಿಮಾಕ್ಕೆ ‘ಎ’ ಪ್ರಮಾಣಪತ್ರ ಇದ್ದಂತೆ ಇದು. ಹೈಸ್ಕೂಲಿನ ಮಕ್ಕಳಿಗೆ ಖಂಡಿತ ಬೇಡ.

‘ರಾಕ್ಷಸರ ಆಟ, ಹಾಳಾಗಿ ಹೋಗುತ್ತೀ’ ಎಂದು ಗದರಿಸುವುದೂ ಸರಿಯಲ್ಲ. 1980ರ ದಶಕದಲ್ಲಿ ಅಮೆರಿಕದ ಅನೇಕ ಪಾಲಕರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಇಂಥದೇ ಮೇಜಿನ ಆಟಕ್ಕೆ ಹೆದರಿ, ಮಕ್ಕಳು ಪಾತ್ರದಲ್ಲೇ ಕಳೆದುಹೋಗುತ್ತಾರೆಂದು ಗುಲ್ಲೆಬ್ಬಿಸಿದ್ದರು. ಆ ಆಟವಾಡಿದ ಮಕ್ಕಳು ಇಂದು ತಾವೇ ಪಾಲಕರಾಗಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಹಿಂಸೆಯ ವಿಡಿಯೋ ಗೇಮಿಗೂ ಕೂಗಾಡುವುದು, ತಳ್ಳುವುದು ಮುಂತಾದ ಮುಂಗೋಪಕ್ಕೂ ಸಣ್ಣದೊಂದು ನಂಟು ಕಾಣುತ್ತದೆ. ಆದರೆ ನಿಜವಾದ ಹಿಂಸಾಕೃತ್ಯಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ.

ಕಾನೂನಿನ ವಿಷಯದಲ್ಲೂ ಗೊಂದಲ ಬೇಡ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಎಲ್ಲ ಆಟಗಳಿಗೂ ಗ್ರಹಚಾರ ಬಂತೆಂದು ಅನೇಕರು ತಿಳಿದಿದ್ದರು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಗುರಿಯಿಟ್ಟದ್ದು ಹಣ ಪಣವಿಟ್ಟು ಆಡುವ ಆಟಗಳನ್ನು. ಒಮ್ಮೆ ಹಣ ಕೊಟ್ಟು ಕೊಂಡು, ಒಬ್ಬನೇ ಆಡುವ ಕಥೆಯ ಆಟ ಆ ಸಾಲಿನದಲ್ಲ. ಹುಡುಗರ ಕೈಯಲ್ಲಿ ಪಿಶಾಚಿಯ ಆಟ ಕಂಡಾಗ ಹೌಹಾರುವ ಪಾಲಕರು, ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಆಟ ಕಂಡಾಗ ಹೆಚ್ಚು ಹೌಹಾರಬೇಕು.

ಕಾಲಮಿತಿ ಇರಲಿ

ನಿಜವಾದ ಅಪಾಯವಿರುವುದು ಪಿಶಾಚಿಯ ಹಲ್ಲಿನಲ್ಲಲ್ಲ, ಗಡಿಯಾರದ ಮುಳ್ಳಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ವಿಡಿಯೋ ಗೇಮಿನ ಗೀಳೂ ಸೇರಿದೆ. ಆದರೆ ಹೆಚ್ಚು ಹೊತ್ತು ಆಡಿದವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಓದು, ಊಟ, ನಿದ್ದೆಗಿಂತ ಆಟವೇ ಮುಖ್ಯವಾಗಿರಬೇಕು. ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಂತಿರಬೇಕು. ಈ ಸ್ಥಿತಿ ಸಾಮಾನ್ಯವಾಗಿ ವರ್ಷದಷ್ಟು ಕಾಲ ಇರಬೇಕು. ಹಾಗೆ ಕಂಡರೆ ಗದರಿಕೆಯಿಂದ ಪ್ರಯೋಜನವಿಲ್ಲ, ವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯ ಆರಂಭವಾಯಿತು. ಅಷ್ಟು ದೂರ ಹೋಗುವ ಮೊದಲು ಮಾತಾಡಲು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಇದೆ.

ಇಡೀ ರಾತ್ರಿ ನಡೆಯುತ್ತಿದ್ದ ಬಯಲಾಟವೇ ಈಚಿನ ವರ್ಷಗಳಲ್ಲಿ ಹಲವು ಮೇಳಗಳಲ್ಲಿ ಕಾಲಮಿತಿಗೆ ಒಗ್ಗಿಕೊಂಡಿದೆ. ಹಳಬರಿಗೆ ಬೇಸರವಾದರೂ ಮರುದಿನ ಕೆಲಸಕ್ಕೆ, ಶಾಲೆಗೆ ಹೋಗುವವರಿಗೆ ಅನುಕೂಲವಾಯಿತು. ಮೇಳಕ್ಕೇ ಸಾಧ್ಯವಾದದ್ದು ಮನೆಗೆ ಅಸಾಧ್ಯವೇ? ಪರೀಕ್ಷೆಯ ದಿನಗಳಲ್ಲಿ ಎಷ್ಟು, ರಜೆಯಲ್ಲಿ ಎಷ್ಟು ಎಂದು ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಮೊದಲೇ ನಿಶ್ಚಯಿಸಬಹುದು. ಆಟ ಕೊಳ್ಳುವ ಮುನ್ನ ವಯಸ್ಸಿನ ಮುದ್ರೆ ನೋಡಬಹುದು. ಹೊರಬಂದು ಒಂದು ತಿಂಗಳಾದ ಮೇಲೆ, ಆಡಿದವರ ಮಾತು ಕೇಳಿ ಹಣ ಕೊಡಬಹುದು. ಅಷ್ಟೇ ಅಲ್ಲ, ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ‘ನಿನ್ನ ಪಾತ್ರ ಯಾವುದು? ಅವನನ್ನು ಕೊಲ್ಲದೆ ಯಾಕೆ ಬಿಟ್ಟೆ?’ ಎಂದು ಕೇಳಬಹುದು. ಆ ಉತ್ತರದಲ್ಲಿ ಮಗನ ಮನಸ್ಸು ಕಂಡೀತು.

ಆಟ ಮುಗಿದ ಮೇಲೆ ಚೌಕಿಗೆ ಹೋಗಿ ನೋಡಿದವರಿಗೆ ಗೊತ್ತು. ಸ್ವಲ್ಪ ಹೊತ್ತಿನ ಮುಂಚೆ ಲೋಕವನ್ನೇ ನಡುಗಿಸಿದ ಮಹಿಷಾಸುರ ಕಿರೀಟ ಬಿಚ್ಚಿಟ್ಟು, ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ, ಬಣ್ಣ ಒರೆಸಿಕೊಂಡು, ಚಹಾ ಕುಡಿದು ಮನೆಯ ದಾರಿ ಹಿಡಿಯುತ್ತಾನೆ. ವೇಷ ಕಟ್ಟಲು ಗೊತ್ತಿದ್ದವನಿಗೆ ವೇಷ ಕಳಚಲೂ ಗೊತ್ತಿರಬೇಕು. ಮಕ್ಕಳಿಗೆ ಕಲಿಸಬೇಕಾದದ್ದು ಅದನ್ನೇ.